ಘಾಟಿ ಇಳಿದರೆ ಎರಡು ಪರ್ಸೆಂಟ್ ಲಾಭ

ಎಲೆಕ್ಟ್ರಿಕ್ ಕಾರು ತಗೊಂಡವರಿಗೆ ಜನ ಕೇಳುವ ಪ್ರಶ್ನೆ ಎರಡೇ. ಒಂದು ಸಲ ಚಾರ್ಜ್ ಮಾಡಿದರೆ ಎಷ್ಟು ಓಡುತ್ತೆ? ಘಾಟಿ ಹತ್ತುತ್ತಾ?

ಮೊದಲನೆಯದಕ್ಕೆ ಶೋರೂಮಿನವರು ಹೇಳುವ ಉತ್ತರ ಬೇರೆ, ರಸ್ತೆ ಹೇಳುವ ಉತ್ತರ ಬೇರೆ. ಎರಡನೆಯದಕ್ಕೆ ಉತ್ತರ ಹುಡುಕಿಕೊಂಡು ಚಾರ್ಮಾಡಿ ಇಳಿದು, ಶಿರಾಡಿ ಹತ್ತಿ ಬಂದೆವು. ನೆಪ ಮಾತ್ರ ಅಮ್ಮನದು. "ಹೊಸ ಗಾಡಿ ಮೊದಲು ಧರ್ಮಸ್ಥಳಕ್ಕೆ ಹೋಗ್ಬೇಕು ಕಣೋ. ಮಂಜುನಾಥನಿಗೆ ತೋರಿಸಿದ ಮೇಲೆ ನೀನು ಎಲ್ಲಿಗಾದ್ರೂ ತಗೊಂಡು ಹೋಗು" ಅಂದಿದ್ದರು. ಡಿಸೆಂಬರ್ ಮೊದಲ ವಾರ, ಮಳೆ ಇಲ್ಲ, ಸೆಖೆ ಇಲ್ಲ. ಹೊರಟೆವು. ಅಮ್ಮ, ನಾನು, ಹೆಂಡತಿ, ಪಿಯುಸಿ ಓದುವ ಮಗಳು.

ಕಾರಿನ ಹೆಸರು ಬರೆಯುವುದಿಲ್ಲ. ಹೊಗಳಿದರೆ ಜಾಹೀರಾತು ಅಂತಾರೆ, ಬೈದರೆ ಜಗಳಕ್ಕೆ ಬರ್ತಾರೆ. ನಮ್ಮ ರಸ್ತೆಗಳಲ್ಲಿ ಈಗ ಸಾಕಷ್ಟು ಕಾಣುವ ಚಿಕ್ಕ ಎಸ್‌ಯುವಿ ಅಂದುಕೊಳ್ಳಿ. ಬ್ಯಾಟರಿ 45 ಕಿಲೋವ್ಯಾಟ್-ಅವರ್‌ನದ್ದು. ಮನೆಯ ಮೀಟರಿನ ಲೆಕ್ಕದಲ್ಲಿ ಹೇಳುವುದಾದರೆ 45 ಯೂನಿಟ್ ಕರೆಂಟ್ ಹಿಡಿಯುತ್ತದೆ. ಇದಕ್ಕೆ ಮುಂಚೆ ನಮ್ಮ ಹತ್ತಿರ ಇದ್ದದ್ದು ಹಳೇ ವ್ಯಾಗನ್‌ಆರ್. ಪೆಟ್ರೋಲ್ ಮುಳ್ಳು ಕೆಳಗೆ ಬಂದರೆ ಹಾಕಿಸುವುದು, ಇಲ್ಲದಿದ್ದರೆ ಮರೆಯುವುದು. ಅಷ್ಟೇ ನಮ್ಮ ಸಂಬಂಧ. ಹೊಸದರಲ್ಲಿ ಮುಳ್ಳು ಇಲ್ಲ, ಅಂಕಿ ಇದೆ. 100ರಿಂದ ಶುರುವಾಗಿ ಒಂದೊಂದೇ ಇಳಿಯುತ್ತೆ. ಕಾರಿನಲ್ಲಿ ಕೂತವರೆಲ್ಲ ಅದನ್ನೇ ನೋಡ್ತಾರೆ, ಅಮ್ಮನೂ ಸೇರಿ.

ಶುಕ್ರವಾರ: ಬೆಂಗಳೂರಿನಿಂದ ಚಿಕ್ಕಮಗಳೂರಿಗೆ

ಬೆಳಗ್ಗೆ ಐದೂವರೆಗೆ ವಿಜಯನಗರ ಬಿಟ್ಟೆವು. ತುಮಕೂರು ರಸ್ತೆಯಲ್ಲಿ ಆಗಲೇ ಲಾರಿಗಳ ಸಾಲು. ನೆಲಮಂಗಲದಲ್ಲಿ ಎಡಕ್ಕೆ ತಿರುಗಿ ಹಾಸನದ ಹೆದ್ದಾರಿ ಹಿಡಿಯುವಷ್ಟರಲ್ಲಿ ಅಂಕಿ 94.

ಇಂಜಿನ್ ಸದ್ದು ಇಲ್ಲದಿದ್ದರೆ ಕಾರು ಪೂರ್ತಿ ನಿಶ್ಶಬ್ದ ಅಂತ ತಿಳಿದಿದ್ದೆ. ಹಾಗಲ್ಲ. ಇಂಜಿನ್ ಇಷ್ಟು ದಿನ ಮುಚ್ಚಿಟ್ಟಿದ್ದ ಸದ್ದುಗಳೆಲ್ಲ ಈಗ ಹೊರಗೆ ಬರುತ್ತವೆ. 80 ದಾಟಿದರೆ ಟೈರು ಒರಲುತ್ತದೆ. ಕನ್ನಡಿಗಳ ಹತ್ತಿರ ಗಾಳಿ ಸುಯ್ಯೆನ್ನುತ್ತದೆ. ಡಿಕ್ಕಿಯಲ್ಲಿ ಚಕ್ಕುಲಿಯ ಸ್ಟೀಲ್ ಡಬ್ಬಿಯ ಮುಚ್ಚಳ ಕಿಣಿಕಿಣಿ ಅಂತಿತ್ತು. ಸೋಲೂರಿನ ಹತ್ತಿರ ನಿಲ್ಲಿಸಿ ಅದಕ್ಕೊಂದು ಟವೆಲ್ ಸುತ್ತಿದ ಮೇಲೆ ಸಮಾಧಾನ.

ಕುಣಿಗಲ್ ಬೈಪಾಸ್ ಆದ ಮೇಲೆ ರಸ್ತೆ ನೇರ, ಅಗಲ. ಅಲ್ಲಿ ಒಂದು ಪರೀಕ್ಷೆ ಮಾಡಿದೆ. ಯಡಿಯೂರಿನವರೆಗೆ 80ರಲ್ಲಿ, ಅಲ್ಲಿಂದ ಮುಂದೆ ಸ್ವಲ್ಪ ದೂರ 100ರಲ್ಲಿ. 80ರಲ್ಲಿ ಕಿಲೋಮೀಟರಿಗೆ 125 ವ್ಯಾಟ್-ಅವರ್ ಆಸುಪಾಸು ತೋರಿಸುತ್ತಿತ್ತು. 100ಕ್ಕೆ ಏರಿಸಿದರೆ 165ರ ಮೇಲೆ ಹೋಯಿತು. ಗಾಳಿ ತಡೆಯುವ ಬಲ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ ಅಂತ ಹೈಸ್ಕೂಲಿನಲ್ಲಿ ಓದಿದ್ದು ಇದೇ. ಪೆಟ್ರೋಲ್ ಕಾರಿಗೂ ಇದೇ ನಿಯಮ, ಆದರೆ ಅದು ಬಾಯಿ ಬಿಟ್ಟು ಹೇಳಲ್ಲ, ಬಂಕಿನಲ್ಲಿ ದುಡ್ಡು ಕೊಡುವಾಗ ಮಾತ್ರ ಗೊತ್ತಾಗುತ್ತೆ. ಇಲ್ಲಿ ಕಾಲು ಒತ್ತಿದ ಕ್ಷಣವೇ ಬಿಲ್ಲು ಕಣ್ಣೆದುರು.

ಬಲಗಾಲು ತಾನಾಗಿಯೇ ಹಗುರಾಯಿತು. 85ರ ಮೇಲೆ ಹೋಗುವ ಮನಸ್ಸೇ ಬರಲಿಲ್ಲ. ಬೆಳ್ಳೂರು ಕ್ರಾಸ್ ಹತ್ತಿರ ಹೆಂಡತಿ ತಡೆಯಲಾರದೆ ಅಂದಳು: "ರೀ, ಟೊಮೆಟೊ ಲಾರಿ ನಮ್ಮನ್ನ ಓವರ್‌ಟೇಕ್ ಮಾಡ್ತು."

ಕಂಪನಿಯ ಕಾಗದದಲ್ಲಿರುವ ರೇಂಜ್ 450 ಕಿಲೋಮೀಟರಿಗೂ ಜಾಸ್ತಿ. ಅದು ಸುಳ್ಳಲ್ಲ. ಆದರೆ ಆ ಪರೀಕ್ಷೆ ನಡೆಯುವುದು ಲ್ಯಾಬಿನಲ್ಲಿ, ರೋಲರ್‌ಗಳ ಮೇಲೆ, ಬಹುಪಾಲು ಊರೊಳಗಿನ ವೇಗದಲ್ಲಿ. ನಾಲ್ಕು ಜನ, ಲಗೇಜು, ಏಸಿ, ಹೆದ್ದಾರಿ ಎಲ್ಲ ಸೇರಿದರೆ ನನಗೆ ಸಿಕ್ಕಿದ್ದು 310ರ ಸುತ್ತಮುತ್ತ. ಅದರಲ್ಲೂ ಕೊನೆಯ ಹದಿನೈದು ಪರ್ಸೆಂಟ್ ಮುಟ್ಟೋಕೆ ಧೈರ್ಯ ಬರಲ್ಲ. ಹಾಗಾಗಿ ಕಾರು ಕೊಳ್ಳುವವರಿಗೆ ನನ್ನ ಲೆಕ್ಕ: ಬ್ರೋಷರಿನ ಅಂಕಿಯಲ್ಲಿ ಮೂರನೇ ಒಂದು ಭಾಗ ಕಳೆದುಬಿಡಿ, ಉಳಿದದ್ದು ನಿಮ್ಮದು.

ಹಸಿರು ನಂಬರ್ ಪ್ಲೇಟ್ ನೋಡಿ ಟೋಲ್‌ನಲ್ಲಿ ಬಿಡ್ತಾರೆ ಅಂತ ಅಮ್ಮನಿಗೆ ಯಾರೋ ಹೇಳಿದ್ದರಂತೆ. ಫಾಸ್ಟ್ಯಾಗ್ ಕೀಂ ಅಂದಾಗ ಅವರಿಗೆ ಬೇಜಾರಾಯಿತು. "ಮತ್ತೆ ಹಸಿರು ಯಾಕೆ?" ಅಂತ ಚನ್ನರಾಯಪಟ್ಟಣದವರೆಗೂ ಕೇಳುತ್ತಲೇ ಇದ್ದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಹಾಸನ ಮುಟ್ಟಿದಾಗ 38. ಅಲ್ಲೊಂದು ಹೋಟೆಲ್ ಆವರಣದಲ್ಲಿ ಫಾಸ್ಟ್ ಚಾರ್ಜರ್ ಇತ್ತು. ಮೊದಲ ಸಲ ಅದರ ಗನ್, ಅಂದರೆ ಕಾರಿಗೆ ಸಿಕ್ಕಿಸುವ ಪ್ಲಗ್, ಕೈಗೆತ್ತಿಕೊಂಡಾಗ ಭಾರಕ್ಕೆ ಬೆಚ್ಚಿದೆ. ಮಣಿಕಟ್ಟಿನಷ್ಟು ದಪ್ಪದ ಕೇಬಲ್, ಸುಲಭಕ್ಕೆ ಬಾಗಲ್ಲ. ಎರಡೂ ಕೈಯಲ್ಲಿ ಹಿಡಿದು, ಮೊಣಕಾಲು ಕೊಟ್ಟು ತಳ್ಳಿದರೆ ಒಳಗೆ ಟಕ್ ಅನ್ನುತ್ತೆ. ಆಮೇಲೆ ಆ್ಯಪ್. ಒಂದೊಂದು ಚಾರ್ಜರಿಗೆ ಒಂದೊಂದು ಆ್ಯಪ್, ಒಂದೊಂದರಲ್ಲೂ ವಾಲೆಟ್, ಮೊದಲೇ ದುಡ್ಡು ತುಂಬಬೇಕು. ಪೆಟ್ರೋಲ್ ಬಂಕಿಗೆ ಹೋದರೆ ಫೋನ್ ಪೇ ಮಾಡಿ ಹೊರಡ್ತೀವಿ, ಅಲ್ವಾ? ಇಲ್ಲಿ ಒಟಿಪಿ ಬರೋವರೆಗೆ ಕೈಕಟ್ಟಿ ನಿಲ್ಲಬೇಕು. ಕೊನೆಗೂ ಕರೆಂಟ್ ಹರಿಯಿತು. ಗಂಟೆಗೆ 28 ಯೂನಿಟ್ ವೇಗದಲ್ಲಿ, 80 ಪರ್ಸೆಂಟ್ ಆಗೋಕೆ ಮುಕ್ಕಾಲು ಗಂಟೆ ಹತ್ತಿರ ಹಿಡಿಯಿತು. ಮಸಾಲೆ ದೋಸೆ, ಕಾಫಿ, ಇನ್ನೊಂದು ಕಾಫಿ. ಅಮ್ಮನಿಗೆ ಇದು ಬಹಳ ಹಿಡಿಸಿತು. ಹಳೇ ಕಾರಿನಲ್ಲಿ ನಾನು ಇಷ್ಟು ಹೊತ್ತು ಎಲ್ಲೂ ನಿಲ್ಲಿಸುತ್ತಿರಲಿಲ್ಲ ಅನ್ನೋದು ಅವರ ಹಳೇ ದೂರು.

ಬೇಲೂರು ದಾರಿಯಲ್ಲಿ ಹಂಪುಗಳು ಜಾಸ್ತಿ. ಗಾಡಿಯ ಹೊಟ್ಟೆಯಡಿ ಬ್ಯಾಟರಿ ಇದೆ ಅಂತ ಪ್ರತಿ ಹಂಪಿಗೂ ಉಸಿರು ಹಿಡಿದೆ. ಎಲ್ಲೂ ತಾಗಲಿಲ್ಲ. ಆದರೆ ಆ ಬ್ಯಾಟರಿಯಿಂದ ಹಿಂದಿನ ಸೀಟಿನವರಿಗೆ ಒಂದು ತೊಂದರೆ ಇದೆ. ನೆಲ ಸ್ವಲ್ಪ ಎತ್ತರ, ಹಾಗಾಗಿ ಮಂಡಿ ಮೇಲೆ ಬರುತ್ತೆ, ತೊಡೆಗೆ ಆಸರೆ ಸಾಲದು. ಅಮ್ಮ ಒಂದು ದಿಂಬು ಮಡಚಿ ತೊಡೆ ಕೆಳಗೆ ಇಟ್ಟುಕೊಂಡ ಮೇಲೆ ಸರಿಹೋಯಿತು. ಟೆಸ್ಟ್ ಡ್ರೈವ್‌ಗೆ ಹೋಗುವಾಗ ಮನೆಯ ಹಿರಿಯರನ್ನೂ ಕರೆದುಕೊಂಡು ಹೋಗಿ, ಹಿಂದಿನ ಸೀಟಿನಲ್ಲಿ ಅರ್ಧ ಗಂಟೆ ಕೂರಿಸಿ.

ಬೇಲೂರಿನ ದೇವಸ್ಥಾನದ ಬೀದಿಯಲ್ಲಿ ಇನ್ನೊಂದು ಗೊತ್ತಾಯಿತು. ಹಿಂದೆ ಕಾರು ಬಂದದ್ದು ಜನರಿಗೆ ಕೇಳಿಸುವುದೇ ಇಲ್ಲ. ಶಾಲೆಯ ಪ್ರವಾಸದ ಮಕ್ಕಳು ರಸ್ತೆ ತುಂಬಾ. ಹಾರ್ನ್ ಹಾಕಿದರೆ ಬೆಚ್ಚಿಬೀಳ್ತಾರೆ, ಹಾಕದಿದ್ದರೆ ಸರಿಯಲ್ಲ. ನಡಿಗೆಯ ವೇಗದಲ್ಲಿ ಅವರ ಹಿಂದೆಯೇ ಹೋದೆ. 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ ಚೆನ್ನಕೇಶವನ ಗುಡಿಗೆ 2023ರಲ್ಲಿ ವಿಶ್ವ ಪರಂಪರೆಯ ಪಟ್ಟ ಬಂದ ಮೇಲೆ ಜನ ಇನ್ನೂ ಹೆಚ್ಚಿದ ಹಾಗೆ ಕಂಡಿತು. ಗುಡಿಯ ಬಗ್ಗೆ ಬರೆಯೋಕೆ ನನಗಿಂತ ಬಲ್ಲವರಿದ್ದಾರೆ, ಮುಂದೆ ಹೋಗೋಣ.

ಚಿಕ್ಕಮಗಳೂರಿನ ಆಚೆ ಒಂದು ಕಾಫಿ ತೋಟದಲ್ಲಿ ಹೋಂಸ್ಟೇ. ಬುಕ್ ಮಾಡುವಾಗಲೇ "15 ಆಂಪ್ಸ್ ಪಾಯಿಂಟ್ ಇದೆಯಾ" ಅಂತ ಕೇಳಿದ್ದೆ. ಇದೆ ಅಂದಿದ್ದರು. ಇತ್ತು ಕೂಡ, ಗೀಸರಿನದ್ದು. ಉದ್ದನೆಯ ವೈರ್ ಎಳೆದು ಕಾರಿನ ಜತೆ ಬಂದ ಚಾರ್ಜರ್ ಸಿಕ್ಕಿಸಿದರೆ ಕೆಂಪು ದೀಪ ಮಿಣಮಿಣ. ತೆಗೆದು ಹಾಕಿದೆ, ಅದೇ ಕೆಂಪು. ತೋಟದ ಯಜಮಾನರು ಟೆಸ್ಟರ್ ತಂದು ನೋಡಿದರು. "ಅರ್ತಿಂಗ್ ಇಲ್ಲ ಸಾರ್. ಮನೆ ನಮ್ಮಜ್ಜನ ಕಾಲದ್ದು. ಗೀಸರ್ ಏನೂ ಹೇಳಲ್ಲ, ನಿಮ್ಮ ಗಾಡಿ ಭಾರಿ ಮಡಿ" ಅಂದರು. ನಿಜ. ಗ್ರೌಂಡ್ ಸರಿಯಿಲ್ಲದಿದ್ದರೆ ಈ ಕಾರುಗಳು ಕರೆಂಟ್ ಮುಟ್ಟೋದೇ ಇಲ್ಲ. ಅದು ನಮ್ಮ ಜೀವಕ್ಕೆ ಒಳ್ಳೇದೇ.

ಅರ್ತಿಂಗ್ ಸರಿಯಾಗಿದ್ದದ್ದು ಒಂದೇ ಕಡೆ, ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಮನೆಯಲ್ಲಿ. ಡಿಸೆಂಬರ್ ಅಂದರೆ ಅರೇಬಿಕಾ ಕೊಯ್ಲು. ಹಗಲೆಲ್ಲ ಕೊಯ್ದ ಹಣ್ಣನ್ನು ಅವತ್ತೇ ಸಂಜೆ ಪಲ್ಪರಿಗೆ ಹಾಕಬೇಕು, ಇಟ್ಟರೆ ಹುಳಿ ಹಿಡಿಯುತ್ತೆ. ಹಾಗಾಗಿ ನಮ್ಮ ಪಾಳಿ ಪಲ್ಪರ್ ನಿಂತ ಮೇಲೆ. ಕಾರನ್ನು ಶೆಡ್ಡಿನ ಬಾಗಿಲಿಗೆ ಒತ್ತಿ ನಿಲ್ಲಿಸಿ ಕಾಯುತ್ತಾ ಕೂತೆ. ಒಂದು ಕಡೆ ಕೆಂಪು ಹಣ್ಣು ಬೀಳುತ್ತಿತ್ತು, ಇನ್ನೊಂದು ಕಡೆಯಿಂದ ಲೋಳೆ ಹತ್ತಿದ ಬೀಜ ತೊಟ್ಟಿಗೆ ಜಾರುತ್ತಿತ್ತು. ಸಿಪ್ಪೆಯ ರಾಶಿಯಿಂದ ಸಿಹಿಯೂ ಹುಳಿಯೂ ಆದ ವಾಸನೆ. ಎಂಟೂವರೆಗೆ ಮೋಟಾರ್ ನಿಂತಿತು. ಪ್ಲಗ್ ಹಾಕಿದೆ. ಹಸಿರು ದೀಪ. ಆಳುಗಳು ಕೈ ತೊಳೆಯುತ್ತಾ ನಿಂತು ನೋಡಿದರು. ಅವರಲ್ಲೊಬ್ಬ ಕೇಳಿದ: "ಘಾಟಿ ಹತ್ತುತ್ತಾ ಸಾರ್?"

ಶನಿವಾರ: ಚಾರ್ಮಾಡಿ ಇಳಿದದ್ದು

ರಾತ್ರಿ ಒಂದಷ್ಟು ಹೊತ್ತು ಕರೆಂಟ್ ಹೋಗಿತ್ತಂತೆ. ಬೆಳಗ್ಗೆ ನೋಡಿದರೆ 92. ಪೂರ್ತಿ ತುಂಬದೇ ಇದ್ದದ್ದೇ ಒಳ್ಳೆಯದು. ಬ್ಯಾಟರಿ ತುಂಬಿದ್ದರೆ ಇಳಿಜಾರಿನಲ್ಲಿ ಹುಟ್ಟುವ ಕರೆಂಟ್ ಹಾಕೋಕೆ ಜಾಗ ಇರಲ್ಲ, ಆ ಕರೆಂಟ್ ಹುಟ್ಟಿಸುವ ರೀಜನ್ ಕೆಲಸವೇ ಮಾಡಲ್ಲ. ಘಾಟಿಯ ತುದಿಯಲ್ಲೇ ಮನೆ ಇರುವವರು ಇದನ್ನು ನೆನಪಿಟ್ಟುಕೊಳ್ಳಬೇಕು. ಕರೆಂಟಿಗೆ ಎಷ್ಟು ಕೊಡಲಿ ಅಂದರೆ ಯಜಮಾನರು ಬೇಡವೇ ಬೇಡ ಅಂದರು. ಬಲವಂತ ಮಾಡಿ ಇನ್ನೂರು ರೂಪಾಯಿ ಕೊಟ್ಟು, ಅರ್ಧ ಕೆಜಿ ಕಾಫಿಪುಡಿ ಕೊಂಡು ಹೊರಟೆವು.

ಮೂಡಿಗೆರೆ ದಾಟಿ ಕೊಟ್ಟಿಗೆಹಾರ. ಇಲ್ಲಿ ನೀರುದೋಸೆ ತಿನ್ನದೆ ಮುಂದೆ ಹೋಗುವವರು ಯಾರಿದ್ದಾರೆ? ನಾವೂ ತಿಂದೆವು. ಅಂಕಿ 77.

ರೀಜನ್ ಬಗ್ಗೆ ಸ್ವಲ್ಪ ಹೇಳಬೇಕು, ಯಾಕೆಂದರೆ ಇಡೀ ಪ್ರವಾಸದಲ್ಲಿ ನನಗೆ ಜಾಸ್ತಿ ಖುಷಿ ಕೊಟ್ಟದ್ದು ಅದೇ. ಅಕ್ಸಲರೇಟರಿನಿಂದ ಕಾಲು ತೆಗೆದರೆ ಚಕ್ರವೇ ಮೋಟಾರನ್ನು ತಿರುಗಿಸುತ್ತೆ. ಮೋಟಾರು ಆಗ ಡೈನಮೊ ಆಗಿ ಬ್ಯಾಟರಿಗೆ ಕರೆಂಟ್ ಕಳಿಸುತ್ತೆ. ಹಾಗೆ ಕಳಿಸುವಾಗ ಗಾಡಿ ನಿಧಾನವಾಗುತ್ತೆ. ಜೋರು ಎಷ್ಟಿರಬೇಕು ಅಂತ ಸ್ಟೇರಿಂಗ್ ಹಿಂದಿನ ಪ್ಯಾಡಲ್‌ನಲ್ಲಿ ಹೊಂದಿಸಬಹುದು. ಅತಿ ಜೋರಿನಲ್ಲಿಟ್ಟರೆ, ಕಾಲು ತೆಗೆದ ಕೂಡಲೇ ಯಾರೋ ಹಿಂದಿನಿಂದ ಅಂಗಿ ಹಿಡಿದು ಎಳೆದ ಹಾಗಾಗುತ್ತೆ. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಇದರಿಂದ ಮಗಳಿಗೆ ಹೊಟ್ಟೆ ತೊಳೆಸಿತ್ತು. ಘಾಟಿಯಲ್ಲಿ ಮಾತ್ರ ಇದು ದೇವರಂಥದ್ದು.

ಚಾರ್ಮಾಡಿಯ ರಸ್ತೆ ಎಲ್ಲರಿಗೂ ಗೊತ್ತಿರುವಂಥದ್ದೇ. ಕಿರಿದು, ಒಂದು ಕಡೆ ಬಂಡೆ, ಇನ್ನೊಂದು ಕಡೆ ಪ್ರಪಾತ. 2019ರ ಆಗಸ್ಟಿನಲ್ಲಿ ಕುಸಿದು ಸಂಚಾರ ನಿಂತಿದ್ದು ಇನ್ನೂ ಮರೆತಿಲ್ಲ. ನಾವು ಇಳಿದ ದಿನ ಮಂಜು ಎಷ್ಟಿತ್ತು ಅಂದರೆ ಎದುರಿನ ಬಸ್ಸು ಹೆಡ್‌ಲೈಟಾಗಿ ಮಾತ್ರ ಕಾಣುತ್ತಿತ್ತು. ಹಳೇ ಕಾರಿನಲ್ಲಿ ಇಲ್ಲಿ ಎರಡನೇ ಗೇರಿನಲ್ಲಿ ಇಂಜಿನ್ ಕಿರುಚಿಸುತ್ತಾ, ಬ್ರೇಕ್ ತುಳಿಯುತ್ತಾ ಇಳಿಯುತ್ತಿದ್ದೆ. ಕೆಳಗೆ ಮುಟ್ಟುವಾಗ ಲೈನರ್ ಸುಟ್ಟ ವಾಸನೆ. ಈ ಸಲ ಬ್ರೇಕ್ ಮುಟ್ಟಿದ್ದು ಕಡಿದಾದ ತಿರುವುಗಳಲ್ಲಿ ಮಾತ್ರ. ಬ್ಯಾಟರಿಯ ಭಾರ ತಳದಲ್ಲಿರುವುದರಿಂದ ಗಾಡಿ ಓಲಾಡಲಿಲ್ಲ. ತಿರುವಿನಲ್ಲಿ ಒಂದು ಕೈಗೆ ವಾಂತಿ ಕವರ್ ಹಿಡಿದೇ ಕೂರುವ ಅಮ್ಮ, ಈ ಸಲ ಅದನ್ನು ಹೊರಗೆ ತೆಗೆಯಲೇ ಇಲ್ಲ.

"ಅಪ್ಪಾ, 78!" ಮಗಳು ಹಿಂದಿನಿಂದ ಕೂಗಿದಳು. ನಿಜವಾಗಲೂ ಏರಿತ್ತು. ಆಮೇಲೆ ಎಲ್ಲರೂ ಕಿಟಕಿ ಬಿಟ್ಟು ಅಂಕಿ ನೋಡುವವರೇ. ಅಣ್ಣಪ್ಪ ಸ್ವಾಮಿ ಗುಡಿ ಮುಂದೆ ನಿಲ್ಲಿಸಿ ಕೈಮುಗಿದು, ಮಂಗಗಳಿಂದ ಚಕ್ಕುಲಿ ಕಾಪಾಡಿಕೊಂಡು, ಚಾರ್ಮಾಡಿ ಊರು ಮುಟ್ಟಿದಾಗ 79. ಇಪ್ಪತ್ತು ಕಿಲೋಮೀಟರಿಗೂ ಹೆಚ್ಚು ದಾರಿ ಬಂದು, ಮೇಲೆ ಎರಡು ಪರ್ಸೆಂಟ್ ಲಾಭ! ಅಷ್ಟೇನಾ ಅನ್ನಬೇಡಿ. ಇಷ್ಟು ದೂರ ಬಿಟ್ಟಿ ಬಂದದ್ದು ಲೆಕ್ಕಕ್ಕೆ ಬೇಡವಾ?

ಉಜಿರೆಯಲ್ಲಿ ಒಂದು ಚಾರ್ಜರ್ ಖಾಲಿ ಇದೆ ಅಂತ ಆ್ಯಪ್ ತೋರಿಸುತ್ತಿತ್ತು. ಹೋಗಿ ನೋಡಿದರೆ ಅದರ ಮುಂದೆ ಒಂದು ಡೀಸೆಲ್ ಜೀಪು ನಿಂತಿದೆ, ಓನರ್ ಮದುವೆ ಊಟಕ್ಕೆ ಹೋಗಿದ್ದಾರೆ. ಬೇಕಾದಷ್ಟು ಚಾರ್ಜ್ ಇತ್ತು. ಜಗಳ ಬೇಡ ಅಂತ ಬಂದುಬಿಟ್ಟೆವು. ಧರ್ಮಸ್ಥಳ ಮುಟ್ಟಿದಾಗ 72.

ಭಾನುವಾರ: ನಿಂಬೆಹಣ್ಣು, ಶಿರಾಡಿ, ಕ್ಯೂ

ಬೆಳಗ್ಗೆ ನೇತ್ರಾವತಿಯಲ್ಲಿ ಸ್ನಾನ, ದರ್ಶನ, ಆಮೇಲೆ ಗಾಡಿ ಪೂಜೆ. ಅರ್ಚಕರು ಬಾನೆಟ್ ಮೇಲೆ ಅರಿಶಿನ ಕುಂಕುಮ ಹಚ್ಚಿದರು. ಒಳಗೆ ಇಂಜಿನ್ನಿಗೂ ಒಂದು ಬೊಟ್ಟು ಇಡಬೇಕು ಅಂತ ಅಮ್ಮನ ಆಸೆ. ಬಾನೆಟ್ ಎತ್ತಿದೆ. ಒಳಗೆ ಡಬ್ಬಿಗಳು, ಅವುಗಳ ನಡುವೆ ಕಿತ್ತಳೆ ಬಣ್ಣದ ದಪ್ಪ ಕೇಬಲ್‌ಗಳು. ಹೈ ವೋಲ್ಟೇಜ್ ಅಂತ ತಿಳಿಯಲಿ ಅಂತಲೇ ಆ ಬಣ್ಣ. ಅರ್ಚಕರು ಒಂದು ಕ್ಷಣ ನೋಡಿ, ಕೈ ಹಿಂದಕ್ಕೆ ತಗೊಂಡು, "ಹೊರಗೇ ಸಾಕು ಅಮ್ಮ" ಅಂದರು. ನಾಲ್ಕು ಚಕ್ರಕ್ಕೆ ನಾಲ್ಕು ನಿಂಬೆಹಣ್ಣು. ಸದ್ದಿಲ್ಲದೆ ಮುಂದೆ ಸರಿದ ಕಾರಿನ ಕೆಳಗೆ ಅವು ಪಚ್ ಅಂದದ್ದು ಚೆನ್ನಾಗಿ ಕೇಳಿಸಿತು.

ಹಳೇ ಕಾರುಗಳ ಮ್ಯೂಸಿಯಂ ನೋಡದೆ ಧರ್ಮಸ್ಥಳದಿಂದ ಹೊರಡಬೇಡಿ. ಮರದ ಕಡ್ಡಿಯ ಚಕ್ರ, ಹೊರಗೆ ಚಾಚಿದ ಹಾರ್ನು, ಲಾಂದ್ರದಂಥ ದೀಪ. ಮಗಳು ಅಲ್ಲೇ ಒಂದು ಮಾತು ಹೇಳಿದಳು: ಇವುಗಳಲ್ಲಿ ಪ್ರತಿ ಕೆಲಸಕ್ಕೂ ಕೈಗೆ ಸಿಗುವ ಒಂದು ಹಿಡಿಕೆ ಇದೆ. ನಮ್ಮ ಹೊಸ ಕಾರಿನಲ್ಲಿ ಏಸಿ ಕಡಿಮೆ ಮಾಡೋಕೂ ಗಾಜಿನ ಮೇಲೆ ಬೆರಳಿಡಬೇಕು, ಹಂಪು ಬಂದರೆ ಬೆರಳು ಬೇರೆ ಕಡೆ ಬೀಳುತ್ತೆ. ಅವಳ ಮಾತು ನೂರಕ್ಕೆ ನೂರು ಸರಿ. ಪರದೆ ದೊಡ್ಡದಾದಷ್ಟೂ ಕಾರು ಒಳ್ಳೆಯದು ಅಂತ ಯಾರು ತೀರ್ಮಾನಿಸಿದರೋ.

ಕೊಕ್ಕಡ, ಪೆರಿಯಶಾಂತಿ ಮೇಲೆ ಹಾಸನದ ಹೆದ್ದಾರಿ ಸೇರಿ ಗುಂಡ್ಯಕ್ಕೆ ಬಂದಾಗ 62. ಇಲ್ಲಿಂದ ಶಿರಾಡಿ. ಸಕಲೇಶಪುರಕ್ಕೆ ಹೋಗಬೇಕಾದರೆ ಸುಮಾರು 800 ಮೀಟರ್ ಮೇಲೇರಬೇಕು. ಮಗಳು ಮೊಬೈಲ್ ತೆಗೆದು ಲೆಕ್ಕಕ್ಕೆ ಕೂತಳು. ಕಾರು, ನಾವು, ಲಗೇಜು ಸೇರಿ 1800 ಕೆಜಿ ಅಂದುಕೊಂಡರೆ, ಅಷ್ಟನ್ನು 800 ಮೀಟರ್ ಎತ್ತಲು ಬೇಕಾದದ್ದು ಹತ್ತಿರ ಹತ್ತಿರ 4 ಯೂನಿಟ್. ಬ್ಯಾಟರಿಯ ಒಂಬತ್ತು ಪರ್ಸೆಂಟ್. ದಾರಿ ಸವೆಸೋಕೆ ಎಷ್ಟು ಬೇಕೋ ಅದು ಬೇರೆ. "ಸಕಲೇಶಪುರದಲ್ಲಿ 41 ಇರುತ್ತೆ ಅಪ್ಪ" ಅಂದಳು.

ಹತ್ತುವುದರ ಬಗ್ಗೆ ಹೇಳುವುದೇನೂ ಇಲ್ಲ ಅನ್ನುವಷ್ಟು ಸುಲಭವಾಗಿ ಹತ್ತಿತು. ಟ್ಯಾಂಕರ್ ಹಿಂದೆ ಆಮೆ ನಡಿಗೆಯಲ್ಲಿ ಸಾಗಿ, ಎದುರು ರಸ್ತೆ ಖಾಲಿ ಕಂಡಾಗ ಒತ್ತಿದರೆ ಸಾಕು. ಗೇರ್ ಇಳಿಸುವುದಿಲ್ಲ, ಇಂಜಿನ್ ಯೋಚನೆ ಮಾಡುವುದಿಲ್ಲ, ಒತ್ತಿದ ಕ್ಷಣವೇ ಮುಂದೆ. ಪಕ್ಕದಲ್ಲಿ ಕೆಂಪುಹೊಳೆ, ಕಾಡಿನ ಮೇಲೆಲ್ಲೋ ರೈಲಿನ ಸೇತುವೆಗಳು. ದೊಡ್ಡತಪ್ಲು ಹತ್ತಿರ 2024ರ ಜುಲೈನಲ್ಲಿ ಗುಡ್ಡ ಜಾರಿದ ಜಾಗದಲ್ಲಿ ಮಣ್ಣು ಇನ್ನೂ ಹಸಿ ಗಾಯದ ಬಣ್ಣದಲ್ಲಿತ್ತು. ಅಂಕಿ ಮಾತ್ರ ಕಣ್ಣೆದುರೇ ಇಳಿಯುತ್ತಿತ್ತು. ಇಷ್ಟು ವರ್ಷ ಈ ಘಾಟಿ ಹತ್ತಿದ್ದೇನೆ, ಹತ್ತೋಕೆ ಏನು ಖರ್ಚು ಅಂತ ಯಾವತ್ತೂ ಗೊತ್ತಿರಲಿಲ್ಲ. ಈಗ ಪ್ರತಿ ಏರಿಗೂ ಬೆಲೆ ಕಾಣಿಸುತ್ತೆ, ಪ್ರತಿ ಇಳಿಜಾರಿಗೂ ಚಿಲ್ಲರೆ ವಾಪಸ್ ಬರುತ್ತೆ. ಸಕಲೇಶಪುರದಲ್ಲಿ 40. ಮಗಳು ಒಂದು ಪರ್ಸೆಂಟಿಗೆ ಸೋತಳು. ಏಸಿಯನ್ನು ಲೆಕ್ಕಕ್ಕೆ ತಗೊಂಡಿರಲಿಲ್ಲ ಅಂತ ವಾದ ಮಾಡಿದಳು.

ಹಾಸನದ ಅದೇ ಚಾರ್ಜರಿನ ಮುಂದೆ ಭಾನುವಾರ ಸಂಜೆ ಕಂಡದ್ದು ಕ್ಯೂ. ಎಲ್ಲ ಹಸಿರು ಪ್ಲೇಟು, ಎಲ್ಲ ಬೆಂಗಳೂರಿಗೆ. ಇರುವುದು ಒಂದು ಯಂತ್ರ, ಎರಡು ಗನ್, ಅದರಲ್ಲಿ ಒಂದು ಕೆಟ್ಟಿದೆ. ಟೋಕನ್ ಇಲ್ಲ, ನೋಡಿಕೊಳ್ಳುವವರಿಲ್ಲ. ಆದರೂ ಒಂದು ಪದ್ಧತಿ ತಾನಾಗಿಯೇ ಹುಟ್ಟಿಕೊಂಡಿತ್ತು. ಬಂದವರನ್ನೆಲ್ಲ ಮೊದಲು ಕೇಳುವುದು ಇದು:

"ಎಷ್ಟಿದೆ ಸಾರ್?"

"29. ನಿಮ್ದು?"

"ನಂದು 11. ಮಗು ಬೇರೆ ಇದೆ."

"ಹಾಗಾದ್ರೆ ನೀವು ಹಾಕ್ಕೊಳಿ. ಎಂಬತ್ತಕ್ಕೆ ತೆಗೆದುಬಿಡಿ ಮಾತ್ರ."

80ರ ಮೇಲೆ ಬ್ಯಾಟರಿ ನಿಧಾನಕ್ಕೆ ಕುಡಿಯುತ್ತೆ, ಆಮೇಲೆ ಹಿಡಿದು ಕೂತರೆ ಹಿಂದಿನವರಿಗೆ ಅನ್ಯಾಯ. ಇದು ಎಲ್ಲೂ ಬರೆದಿಲ್ಲ, ಎಲ್ಲರೂ ಪಾಲಿಸುತ್ತಿದ್ದರು. ಒಬ್ಬರು ಮಾತ್ರ ಕಾರಿನಲ್ಲೇ ನಿದ್ದೆ ಹೋಗಿದ್ದರು, 93 ಆಗಿತ್ತು. ಕಿಟಕಿ ತಟ್ಟಿ ಎಬ್ಬಿಸಿದರು.

ಕ್ಯೂನಲ್ಲಿ ಒಬ್ಬ ಹಿರಿಯರು ಸಿಕ್ಕಿದರು. ಹಿಂದೆ ಜಯನಗರದಲ್ಲಿ ರೇವಾ ಓಡಿಸುತ್ತಿದ್ದರಂತೆ. 2001ರಲ್ಲಿ ನಮ್ಮ ಬೆಂಗಳೂರಿನಲ್ಲೇ ಶುರುವಾದ ಪುಟ್ಟ ಎಲೆಕ್ಟ್ರಿಕ್ ಕಾರು, ನೆನಪಿದೆಯಾ? 2010ರಲ್ಲಿ ಮಹೀಂದ್ರಾದವರು ಅದನ್ನು ತಗೊಂಡರು. "ಜಯನಗರದಿಂದ ಯಲಹಂಕಕ್ಕೆ ಹೋಗ್ಬೇಕಾದ್ರೆ ವಾಪಸ್ ಬರ್ತೀನೋ ಇಲ್ವೋ ಅಂತ ಯೋಚನೆ ಆಗ್ತಿತ್ತು. ಈಗ ನೋಡಿ, ಹಾಸನದಲ್ಲಿ ನಿಂತು ಬೈತಾ ಇದೀವಿ" ಅಂದು ನಕ್ಕರು. ಕಾರು ಇಷ್ಟು ಬೆಳೆದಿದೆ, ಪ್ಲಗ್ ಮಾತ್ರ ಹಿಂದೆ ಉಳಿದಿದೆ ಅನ್ನುವುದು ಅವರ ಅಭಿಪ್ರಾಯ. ನನ್ನದೂ ಅದೇ. ಕಾಯುವುದು ಒಂದು ಗಂಟೆ, ಚಾರ್ಜ್ ಇನ್ನೊಂದು ಗಂಟೆ. ಯಾರೋ ಹುರಿಗಡಲೆ ಹಂಚಿದರು, ನಾವು ಉಳಿದ ಚಕ್ಕುಲಿ ಹಂಚಿದೆವು.

ಎಂಟು ಗಂಟೆಗೆ ಹೊರಟು, 80ರಲ್ಲೇ ಓಡಿಸಿ, ಮನೆ ಸೇರಿದಾಗ ರಾತ್ರಿ ಹನ್ನೊಂದು ದಾಟಿತ್ತು. 20 ಪರ್ಸೆಂಟ್ ಉಳಿದಿತ್ತು.

ಸೋಮವಾರ

ಲೆಕ್ಕ ಹಾಕಿದೆ. ಹೊರಗಿನ ಚಾರ್ಜರ್‌ಗಳಲ್ಲಿ 18 ಪರ್ಸೆಂಟ್ ಜಿಎಸ್‌ಟಿ ಸೇರಿ ಯೂನಿಟ್ಟಿಗೆ ಇಪ್ಪತ್ತರ ಮೇಲೆ ಬಿತ್ತು. ಮನೆಯಲ್ಲಿ ಅದರ ಮೂರನೇ ಒಂದು ಭಾಗವೂ ಆಗಲ್ಲ. ಹೊರಡುವ ಮುಂಚೆ ಮನೆಯಲ್ಲಿ ತುಂಬಿಸಿದ್ದು, ಹಾಸನದ ಎರಡು ಬಿಲ್ಲು, ತೋಟದ ಇನ್ನೂರು ಎಲ್ಲ ಸೇರಿ ಸಾವಿರದ ಐನೂರರ ಒಳಗೇ ಮುಗಿಯಿತು. ವ್ಯಾಗನ್‌ಆರ್ ಆಗಿದ್ದರೆ ಪೆಟ್ರೋಲಿಗೇ ನಾಲ್ಕು ಸಾವಿರ ದಾಟುತ್ತಿತ್ತು. ಆದರೆ ವ್ಯಾಗನ್‌ಆರ್ ಭಾನುವಾರ ಒಂಬತ್ತಕ್ಕೆಲ್ಲ ಮನೆಯಲ್ಲಿರುತ್ತಿತ್ತು. ವಾರಾಂತ್ಯಕ್ಕೆ ಹೋಗುವವರು ಹಾಸನದಲ್ಲಿ ನಿಲ್ಲುವುದಾದರೆ ಮಧ್ಯಾಹ್ನ ಮೂರರ ಒಳಗೆ ಬಂದುಬಿಡಿ, ಇಲ್ಲವೇ ಸಕಲೇಶಪುರದ ಕಡೆಯೇ ಹಾಕಿಕೊಳ್ಳಿ.

ಪೋರ್ಟಿಕೋದ ಪ್ಲಗ್‌ನಲ್ಲಿ ರಾತ್ರಿಯೆಲ್ಲ ಇದ್ದ ಕಾರು ಬೆಳಗ್ಗೆ 70 ತೋರಿಸುತ್ತಿತ್ತು. ಹೆಂಡತಿಯ ಆಫೀಸಿಗೆ ಹೋಗಿ ಬರೋಕೆ ಹತ್ತು ಪರ್ಸೆಂಟ್ ಸಾಕು. ಕೀ ಆಗಲೇ ಅವಳ ಬ್ಯಾಗಿನಲ್ಲಿತ್ತು. ನಾನು ಮೆಟ್ರೊ ಹತ್ತಿದೆ.